ಹದಿನೇಳನೆಯ ಮೊಹರು

"ಎತ್ತಿ ನೋಡಿ ಮೇಸ್ತ್ರಿ. ಹಾಗೆ ದಿಟ್ಟಿಸ್ತಾ ಕೂತ್ರೆ ಅವೇನು ಮರಿ ಹಾಕಲ್ಲ."

ಮೇಜಿನ ಮೇಲೆ ಎರಡು ಬೋಲ್ಟುಗಳನ್ನು ಇಟ್ಟಿದ್ದೆ. ಮಿಯಾವೊ ಮೇಸ್ತ್ರಿ ಒಂದನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರನ್ನು ಅದರ ತಿರುಪಿನ ಎಳೆಗಳ ಮೇಲೆ ಮೆಲ್ಲಗೆ ಎಳೆದರು. ಆಮೇಲೆ ಇನ್ನೊಂದನ್ನು. ಎರಡನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟರು.

"ಏನಂತೀರಿ?"

"ಎಳೆ ಚೆನ್ನಾಗಿದೆ. ಸವೆದಿಲ್ಲ, ಕಿತ್ತಿಲ್ಲ."

"ಅಂದ್ರೆ?"

"ತಾವಾಗೇ ತಿರುಗಿ ಬಿದ್ದಿವೆ. ಬಿಗಿ ಇರ್ಲಿಲ್ಲ."

"ಬಿಗಿ ಮಾಡ್ಬೇಕಾಗಿದ್ದೋರು ಯಾರು?"

"ರಿಜಿಸ್ಟರಲ್ಲಿ ನನ್ನ ಮೊಹರಿದೆಯಲ್ಲ."

"ಮೊಹರು ಯಾವನಿಗೆ ಬೇಕು? ಕೈ ಯಾರದು ಅಂತ ಕೇಳ್ತಿದೀನಿ."

"ಮೊಹರು ನನ್ನದು," ಎಂದರು ಮೇಸ್ತ್ರಿ. ಬೆಳಗಿನಿಂದ ಅದು ಏಳನೆಯ ಸಲ.

ಎಂಟು ದಿನಗಳ ಹಿಂದೆ, ಅಕ್ಟೋಬರ್ ಹದಿನಾಲ್ಕರ ಬೆಳಿಗ್ಗೆ, ನಮ್ಮ ಶೀಕೌ ಕಾರ್ಖಾನೆಯ ಪರೀಕ್ಷೆಯ ಇಳಿಜಾರಿನಲ್ಲಿ ಮೂವತ್ತೇಳನೆಯ ನಂಬರಿನ ಟ್ರ್ಯಾಕ್ಟರಿನ ಸ್ಟೀರಿಂಗ್ ಕಳಚಿಕೊಂಡು, ಅದನ್ನು ಓಡಿಸುತ್ತಿದ್ದ ಫಾನ್ ಎಂಬವನು ಗಾಡಿಯ ಕೆಳಗೆ ಸಿಕ್ಕಿ ಸತ್ತಿದ್ದ. ಈ ಎರಡು ಬೋಲ್ಟುಗಳು ಇಳಿಜಾರಿನ ಹುಲ್ಲಿನಲ್ಲಿ ಸಿಕ್ಕವು. ಸಂಜೆ ಐದಕ್ಕೆ ನಗರದ ಪೊಲೀಸ್ ಜೀಪು ಬರುತ್ತದೆ. ಮೇಸ್ತ್ರಿಯನ್ನು ಅದರಲ್ಲಿ ಹತ್ತಿಸಬೇಕಾದವನು ಕಾರ್ಖಾನೆಯ ಕಾವಲು ವಿಭಾಗದ ಮುಖ್ಯಸ್ಥ ಗೆಂಗ್, ಅಂದರೆ ನಾನೇ. ಹತ್ತಿದರೆ ಅವರು ಇಳಿಯುವುದು ಯಾವಾಗಲೋ. ಐವತ್ತೆಂಟು ವರ್ಷದ ಮನುಷ್ಯ. ಹತ್ತು ವರ್ಷ ಹಾಕಿದರೂ ಲೆಕ್ಕ ಮುಗಿದಂತೆಯೇ.

ಆಗ ಗಂಟೆ ಒಂದೂವರೆ.

ನನಗೆ ಮೈ ಉರಿಯಿತು. ಚಹಾ ಲೋಟದ ಮುಚ್ಚಳ ತೆಗೆದು ಗೋಡೆಗೆ ಬೀಸಿದೆ. ಅದು ಉರುಳಿಕೊಂಡು ಬಂದು ಅವರ ಕಾಲ ಬಳಿಯೇ ಬಿತ್ತು. ಮೇಸ್ತ್ರಿ ಬಗ್ಗಿ ಎತ್ತಿಕೊಂಡು, ಅಂಚಿನ ಬಣ್ಣ ಚಕ್ಕೆ ಎದ್ದಿದ್ದನ್ನು ನೋಡಿ, ತೋಳಿನಲ್ಲಿ ಒರೆಸಿ ಲೋಟಕ್ಕೆ ಮುಚ್ಚಿದರು. ಆ ತೋಳಿನ ಮೇಲೆ ಕಪ್ಪು ಬಟ್ಟೆಯ ಪಟ್ಟಿಯೊಂದಿತ್ತು. ಹೆಂಡತಿ ಸತ್ತಾಗ ಶೋಕದ ಗುರುತಾಗಿ ಪಿನ್ನಿನಿಂದ ಚುಚ್ಚಿಕೊಂಡದ್ದು.

ಅವರ ಕೈ ತಪ್ಪಿತು ಎಂದರೆ ನಮ್ಮ ಗೇಟಿನ ನಾಯಿಯೂ ನಂಬುವುದಿಲ್ಲ. ಈ ಏಪ್ರಿಲಿನಲ್ಲಿ ಜರ್ಮನಿಯ ಇಂಜಿನಿಯರ್ ರೀಡ್ಲ್ ಎಲ್ಲರೆದುರು ಮೇಸ್ತ್ರಿಯಿಂದ ಹತ್ತು ಬೋಲ್ಟು ಬಿಗಿ ಮಾಡಿಸಿ, ಆಮೇಲೆ ಬಿಗಿ ಎಷ್ಟೆಂದು ಅಂಕಿಯಲ್ಲಿ ತೋರಿಸುವ ತನ್ನ ಅಳತೆ ಸ್ಪ್ಯಾನರ್ ಹಾಕಿ ನೋಡಿದ್ದ. ಇನ್ನೂರ ಹತ್ತು ಇರಬೇಕು. ಹತ್ತರಲ್ಲಿ ಎಂಟು ಇನ್ನೂರ ಹತ್ತೇ ಇದ್ದವು. ಒಂದು ಇನ್ನೂರ ಒಂಬತ್ತು, ಇನ್ನೊಂದು ಇನ್ನೂರ ಹನ್ನೊಂದು. ರೀಡ್ಲ್ ತಲೆಯ ಟೋಪಿ ತೆಗೆದು ಮೇಸ್ತ್ರಿಯ ತಲೆಗೆ ಹಾಕಿದ್ದ. ಶೆಡ್ಡಿಗೆ ಶೆಡ್ಡೇ ಸೀಟಿ ಹೊಡೆದಿತ್ತು.

ಅಂಥ ಕೈ ಎರಡು ಬೋಲ್ಟುಗಳನ್ನು ಸಡಿಲ ಬಿಟ್ಟಿತೆಂದು, ಸಹಿಯ ಬದಲು ಒತ್ತುವ ಒಂದು ಹೆಸರಿನ ಮೊಹರು ಹೇಳುತ್ತಿತ್ತು.

ಆ ಮೊಹರನ್ನು ನಾನು ಬೆಳಿಗ್ಗೆ ನೋಡಿ ಬಂದಿದ್ದೆ. ಜೋಡಣೆ ಶೆಡ್ಡಿನ ಮುಖ್ಯಸ್ಥ ಲುವಾನ್ ತನ್ನ ಕೋಣೆಯಲ್ಲಿ ರಿಜಿಸ್ಟರ್ ತೆರೆದು ತೋರಿಸಿದ. ನುಣ್ಣನೆಯ ಮಾತಿನವನು, ಮಾತಿಗೊಮ್ಮೆ ಸಿಗರೇಟು ಮುಂದೆ ಚಾಚುತ್ತಾನೆ. ಸೋಮವಾರ ಜರ್ಮನಿಯವರು ಎರಡನೆಯ ಒಪ್ಪಂದಕ್ಕೆ ಸಹಿ ಹಾಕಲು ಬರುತ್ತಾರೆ, ಗೇರ್ ಪೆಟ್ಟಿಗೆಯನ್ನೂ ಇಲ್ಲೇ ಮಾಡುವ ಒಪ್ಪಂದ, ಎಂಟುನೂರು ಜನಕ್ಕೆ ಕೆಲಸ, ಅಷ್ಟರೊಳಗೆ ಈ ಗಲೀಜು ತೊಳೆದು ಹೋಗಿರಬೇಕು ಎಂದ. ಗಲೀಜು ಎಂದದ್ದು ಫಾನನ ಸಾವಿಗೆ.

ಪುಟದ ಕೊನೆಯ ಸಾಲು ನೀಲಿ ಮಸಿಯಲ್ಲಿತ್ತು. ನಂಬರ್ ಮೂವತ್ತೇಳು, ಸ್ಟೀರಿಂಗ್ ತೋಳು, ಎರಡು ಬೋಲ್ಟು, ಬಿಗಿ ಇನ್ನೂರ ಹತ್ತು, ತಾರೀಕು ಹನ್ನೊಂದು. ಪಕ್ಕದಲ್ಲಿ ಮಿಯಾವೊ ಮೇಸ್ತ್ರಿಯ ಕೆಂಪು ಮೊಹರು. ಅದರ ಕೆಳಗೆ ಎರಡು ಬೆರಳಗಲ ಖಾಲಿ ಕಾಗದ.

ಹನ್ನೊಂದು. ಆ ತಾರೀಕು ಬೆಳಗಿನಿಂದ ಹಲ್ಲಿನ ಸಂದಿಯ ಮಾಂಸದ ಎಳೆಯಂತೆ ನನ್ನನ್ನು ಕಾಡುತ್ತಿತ್ತು. ಮೇಸ್ತ್ರಿಯ ತೋಳಿನ ಕಪ್ಪು ಪಟ್ಟಿ ನೋಡುತ್ತಾ ನಿಂತವನಿಗೆ ತಟ್ಟನೆ ಹೊಳೆಯಿತು.

ಹೊರಗೆ ಬಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದೆ. ಅವರ ಹೆಂಡತಿ ತೀರಿಕೊಂಡದ್ದು ಆಗಸ್ಟ್ ಇಪ್ಪತ್ತನಾಲ್ಕು. ಆ ದಿನ ಅಂಗಡಿ ಅಂಗಡಿ ಅಲೆದು ಸಂತಾಪಕ್ಕೆ ಕೊಡುವ ಹೊದಿಕೆಯ ರೇಷ್ಮೆ ಬಟ್ಟೆ ತಂದು ಸಾವಿನ ಮನೆಯಲ್ಲಿ ನೇತುಹಾಕಿದವನು ನಾನು. ಸತ್ತ ದಿನವನ್ನೂ ಸೇರಿಸಿ ಏಳು ಸಲ ಏಳು ದಿನ. ನಲವತ್ತೊಂಬತ್ತನೆಯ ದಿನ ಸರಿಯಾಗಿ ಅಕ್ಟೋಬರ್ ಹನ್ನೊಂದಕ್ಕೆ ಬೀಳುತ್ತದೆ.

ಆ ದಿನ ಸತ್ತವಳು ಈ ಲೋಕದ ಬಾಗಿಲು ಮುಚ್ಚಿಕೊಂಡು ಹೋಗುವ ದಿನ. ಗಂಡ ಸಮಾಧಿಯ ಮುಂದೆ ಕಾಗದದ ನೋಟು ಸುಡದಿದ್ದರೆ ಅವಳು ಬರಿಗೈಯಲ್ಲಿ ಹೋಗಬೇಕು. ಅವರ ಹಳ್ಳಿ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಆದರೆ ನಲವತ್ತನೆಯ ಟ್ರ್ಯಾಕ್ಟರ್ ಹೊರಬರುವವರೆಗೆ ಯಾರಿಗೂ ರಜೆ ಇಲ್ಲವೆಂದು ಲುವಾನ್ ಚೀಟಿ ಅಂಟಿಸಿದ್ದ. ಇದ್ದರೂ ಮೇಸ್ತ್ರಿ ಕೇಳುವಂತಿರಲಿಲ್ಲ. ಮಾದರಿ ಕಾರ್ಮಿಕ ಅಂತ ಅವರ ಫೋಟೋ ಗೇಟಿನ ಗಾಜಿನ ಹಲಗೆಯಲ್ಲಿದೆ. ಮಾದರಿ ಕಾರ್ಮಿಕ ಕಾಗದ ಸುಡುವಂಥ ಮೂಢನಂಬಿಕೆಗೆ ರಜೆ ಕೇಳಿದರೆ ಮಾರನೆಯ ದಿನ ಆ ಫೋಟೋ ಇರುವುದಿಲ್ಲ.

ಮೇಸ್ತ್ರಿ ಕೇಳದೆಯೇ ಹೋಗಿದ್ದಾರೆ. ಹಾಗಿದ್ದರೆ ಆ ಮೊಹರು ಒತ್ತಿದ್ದು ಯಾರು?

ಜೋಡಣೆ ಶೆಡ್ಡಿನ ಮೂಲೆಯಲ್ಲಿ ಗಾಜಿನ ಗೂಡು. ಅದರಲ್ಲಿ ಇಪ್ಪತ್ತು ವರ್ಷಗಳಿಂದ ದಾಖಲೆ ಬರೆಯುವ ಪಾಂಗಕ್ಕ. ಎರಡೂ ತೋಳಿಗೆ ನೀಲಿ ಬಟ್ಟೆಯ ಚೀಲದಂಥ ತೋಳುಗವಸು, ಮುಂದೆ ಸೂರ್ಯಕಾಂತಿ ಬೀಜದ ರಾಶಿ. ನನ್ನನ್ನು ಕಂಡು ಒಂದು ಬೀಜ ಕಚ್ಚಿದಳು.

"ಬನ್ನಿ ಸಾಹೇಬ್ರೆ. ಇವತ್ತು ಯಾರ್ನ ಹಿಡ್ಕೊಂಡ್ ಹೋಗೋಕೆ ಬಂದ್ರಿ?"

"ಹನ್ನೊಂದನೇ ತಾರೀಕು ಮಿಯಾವೊ ಮೇಸ್ತ್ರಿ ಶೆಡ್ಡಲ್ಲಿದ್ರಾ?"

"ಹಾಜರಿ ಪುಸ್ತಕ ಇದೆ. ಓದೋಕೆ ಬರತ್ತಲ್ಲ ನಿಮಗೆ?"

"ಪುಸ್ತಕ ಓದಿ ಓದಿ ಕಣ್ಣು ಹೋಗಿದೆ. ನಿಮ್ಮ ಕಣ್ಣು ಏನ್ ನೋಡ್ತು ಅದನ್ನ ಹೇಳಿ."

ಅವಳು ಸಿಪ್ಪೆ ಉಗಿದಳು. ಐದು ಗಂಟೆಗೆ ಜೀಪು ಬರುತ್ತದೆ, ನಿಮ್ಮ ಒಂದು ಮಾತಿಗೆ ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೆ ಎಂದೆ. ಅವಳು ಇನ್ನೊಂದು ಬೀಜ ತೆಗೆದುಕೊಂಡಳು. ನನಗೆ ತಾಳ್ಮೆ ಅನ್ನುವುದು ದೇವರು ಕೊಟ್ಟಿಲ್ಲ. ಬಗ್ಗಿ ಅವಳ ಮೇಜಿನ ಖಾನೆಯನ್ನು ಎಳೆದುಬಿಟ್ಟೆ. ಒಳಗೆ ಹುಣ್ಣಿಮೆ ಹಬ್ಬದ ಸಿಹಿ ಬರುವ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಚಂದ್ರಲೋಕದ ಹೆಂಗಸಿನ ಚಿತ್ರ. ಅಲ್ಲಾಡಿಸಿದರೆ ಎಲುಬಿನ ಚೂರುಗಳಂತೆ ಸದ್ದು.

ತೆರೆದೆ. ತುಂಬಾ ಮೊಹರುಗಳು. ಮರದವು, ಕೊಂಬಿನವು, ಒಂದೆರಡು ಪ್ಲಾಸ್ಟಿಕ್ಕಿನವು.

"ಇದೇನು?"

"ಕಾಣಿಸ್ತಿಲ್ವಾ? ಶೆಡ್ಡಿನೋರ ಮೊಹರು."

ಕೊನೆಗೆ ಅವಳು ಬಾಯಿ ಬಿಟ್ಟಳು. ಯಾವ ಬೋಲ್ಟು ಬಿಗಿ ಮಾಡಿದರೂ ಮಾಡಿದವನು ಅಳತೆ ಬರೆದು ಮೊಹರು ಒತ್ತಬೇಕೆಂಬುದು ರೀಡ್ಲ್ ತಂದ ನಿಯಮ. ಹದಿನಾರು ಜನ ಗ್ರೀಸು ಕೈಯಲ್ಲಿ ದಿನಕ್ಕೆ ನಲವತ್ತು ಸಲ ಕಿಟಕಿಗೆ ಬಂದರೆ ಕೆಲಸ ಆಗುವುದು ಯಾವಾಗ? ಅದಕ್ಕೆ ಚಳಿಗಾಲದಲ್ಲೇ ಎಲ್ಲರೂ ತಮ್ಮ ಮೊಹರುಗಳನ್ನು ಅವಳಿಗೆ ಕೊಟ್ಟುಬಿಟ್ಟರು. ಶನಿವಾರ ಮಧ್ಯಾಹ್ನ ಅವಳು ಇಡೀ ವಾರದ್ದನ್ನು ಒಟ್ಟಿಗೆ ಒತ್ತುತ್ತಾಳೆ. ಮೂವತ್ತೇಳರ ಸಾಲಿಗೆ ಮೇಸ್ತ್ರಿಯ ಮೊಹರು ಬಿದ್ದದ್ದು ಹದಿನೈದರಂದು. ಅಂದರೆ ಫಾನ್ ಸತ್ತ ಮಾರನೆಯ ದಿನ.

"ಸತ್ತ ಮೇಲೆ ಒತ್ತಿದ್ರಾ?"

"ಖಾಲಿ ಬಿಟ್ರೆ ಇನ್ನೂ ಕಷ್ಟ ಅಂದ್ರು ಲುವಾನ್. ವಾರ ವಾರ ಒತ್ತೋ ಹಾಗೇ ಒತ್ತಿದೆ. ಅದು ಹೀಗೆ ಕುತ್ತಿಗೆಗೆ ಬರತ್ತೆ ಅಂತ ನನಗೇನ್ ಗೊತ್ತು?"

"ಅಳತೆಯನ್ನೂ ನೀವೇ ಬರೀತೀರಾ?"

"ಮತ್ತೆ? ಎಲ್ಲಾ ಕಡೆ ಇನ್ನೂರ ಹತ್ತು ಬರೆದ್ರೆ ಆ ಉದ್ದಮೂಗಿನ ಜರ್ಮನ್‌ನಿಗೆ ಅನುಮಾನ ಬರತ್ತೆ. ಅಲ್ಲಲ್ಲಿ ಇನ್ನೂರ ಎಂಟು, ಇನ್ನೂರ ಹನ್ನೆರಡು ಹಾಕ್ತೀನಿ. ನನಗೂ ಒಂಚೂರು ಬುದ್ಧಿ ಇದೆ."

"ಅಳತೆ ಸ್ಪ್ಯಾನರು?"

ಅವಳು ಗದ್ದ ಎತ್ತಿ ತೋರಿಸಿದಳು. ಎದುರು ಗೋಡೆಯ ಗಾಜಿನ ಬೀರುವಿನಲ್ಲಿ, ಕೆಂಪು ಮಖಮಲ್ಲಿನ ಮೇಲೆ, ಜರ್ಮನಿಯ ಸ್ಪ್ಯಾನರ್ ಹೊಸ ಮದುವಣಗಿತ್ತಿಯಂತೆ ಮಲಗಿತ್ತು. ಬಂದ ದಿನದಿಂದ ಹೊರಗೆ ಬಂದಿಲ್ಲ. ಕೆಳಗೆ ಬಿದ್ದರೆ ಉತ್ತರ ಹೇಳುವವರು ಯಾರು? ಒಳ್ಳೆಯ ವಸ್ತು ಸಿಕ್ಕರೆ ನಾವು ಮೊದಲು ಮಾಡುವ ಕೆಲಸ ಬೀಗ ಹಾಕುವುದು.

ಮೊಹರುಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಹದಿನೇಳು.

ಶೆಡ್ಡಿನಲ್ಲಿ ಇರುವುದು ಹದಿನಾರು ಜನ. ಹದಿನೇಳನೆಯದು ಎಮ್ಮೆ ಕೊಂಬಿನದು, ಒಂದು ಮೂಲೆ ಮುಕ್ಕಾಗಿತ್ತು. ತಿರುಗಿಸಿ ನೋಡುವ ಮೊದಲೇ ನನ್ನ ಕಿವಿ ಬಿಸಿಯಾಯಿತು. ಅದು ನನ್ನದು.

ಆ ಸ್ಪ್ಯಾನರ್ ಬೀರುವಿನಿಂದ ಹೊರಬರುವಾಗಲೆಲ್ಲ ಕಾವಲು ವಿಭಾಗದವನು ಸಾಕ್ಷಿ ನಿಲ್ಲಬೇಕು. ಮೊದಮೊದಲು ದಿನಾ ಬೆಳಿಗ್ಗೆ ಬಂದು ನಿಲ್ಲುತ್ತಿದ್ದೆ. ಬೀರು ತೆರೆಯುತ್ತಿರಲಿಲ್ಲ, ನಾನು ಮಾತ್ರ ಮೊಹರು ಒತ್ತಿ ಹೋಗುತ್ತಿದ್ದೆ. ಮೇ ತಿಂಗಳ ಒಂದು ದಿನ ಸೆಕೆಗೆ ತಲೆ ಕೆಟ್ಟು, ಬೇಕಾದರೆ ನೀವೇ ಒತ್ಕೊಳ್ಳಿ ಎಂದು ಈ ಡಬ್ಬಿಗೆ ಎಸೆದು ಹೋದವನು, ಆಮೇಲೆ ಬೇರೆ ಮೊಹರು ಮಾಡಿಸಿಕೊಂಡು ಇದನ್ನು ಮರೆತೇಬಿಟ್ಟಿದ್ದೆ.

"ಗುರುತು ಸಿಕ್ತಾ ಸಾಹೇಬ್ರೆ?" ಎಂದಳು ಪಾಂಗಕ್ಕ. ಅವಳು ನಗಲಿಲ್ಲ.

ಹನ್ನೊಂದರಂದು ಮೇಸ್ತ್ರಿಯ ಜಾಗದಲ್ಲಿ ಯಾರು ನಿಂತರು ಎಂದು ಮತ್ತೆ ಕೇಳಿದೆ. ನನ್ನ ದನಿ ತಗ್ಗಿತ್ತು. ಅವಳು ಬೀಜಗಳನ್ನು ಪಕ್ಕಕ್ಕೆ ಸರಿಸಿದಳು.

"ಫಾನ್," ಎಂದಳು.

ಫಾನ್ ಗಾಡಿ ಓಡಿಸುವ ಕೆಲಸಕ್ಕೆ ಹೋಗುವ ಮೊದಲು ಮೂರು ವರ್ಷ ಮೇಸ್ತ್ರಿಯ ಶಿಷ್ಯನಾಗಿದ್ದ. ಹೊಸ ವರ್ಷದ ದಿನ ಹೆತ್ತ ಅಪ್ಪನಿಗಿಂತ ಮೊದಲು ಗುರುವಿನ ಮನೆಗೆ ಎರಡು ಬಾಟಲಿ ಸಾರಾಯಿ ಒಯ್ಯುವವನು. ಆ ಬೆಳಿಗ್ಗೆ ಏಳಕ್ಕೇ ಬಂದು, ಗೂಟದಲ್ಲಿದ್ದ ಮೇಸ್ತ್ರಿಯ ಏಪ್ರನ್ ಕಟ್ಟಿಕೊಂಡು, ಮೇಸ್ತ್ರಿಯ ಹಾಗೆ ಸೊಂಟ ಬಗ್ಗಿಸಿ ನಡೆದು, ಇವತ್ತು ನಾನೇ ಮಿಯಾವೊ, ಎಲ್ಲರೂ ನಮಸ್ಕಾರ ಮಾಡಿ ಎಂದನಂತೆ. ಎಲ್ಲರೂ ನಕ್ಕರಂತೆ. ಮೂವತ್ತೇಳರ ಸ್ಟೀರಿಂಗನ್ನು ಅವನೊಬ್ಬನೇ ಕೂರಿಸಿದ. ಶೆಡ್ಡಿನವರೆಲ್ಲ ಕಣ್ಣಾರೆ ನೋಡಿದ್ದಾರೆ.

"ನೋಡಿದೋರು ಯಾಕ್ರೀ ಹೇಳಲ್ಲ?"

"ಹೇಳಿದ್ರೆ ಅವನ ಹೆಂಡ್ತಿ ಗತಿ?"

ಇನ್ನೊಬ್ಬರ ತಪ್ಪಿನಿಂದ ಕೆಲಸದ ಮೇಲೆ ಸತ್ತವನ ಹೆಂಡತಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ, ಇರುವ ಮನೆ ಉಳಿಯುತ್ತದೆ. ತನ್ನದಲ್ಲದ ಕೆಲಸಕ್ಕೆ ಕೈಹಾಕಿ ಅದರಿಂದಲೇ ಸತ್ತವನಾದರೆ ಎರಡೂ ಇಲ್ಲ. ತಿಂಗಳೊಳಗೆ ಮನೆ ಖಾಲಿ ಮಾಡಬೇಕು.

ಡಬ್ಬಿಯನ್ನು ಆಗಲೇ ಕಂಕುಳಲ್ಲಿಟ್ಟುಕೊಂಡು ಬರಬೇಕಾಗಿತ್ತು. ಅದು ಬೇಡ, ನನ್ನ ಮೊಹರನ್ನಾದರೂ ಜೇಬಿಗೆ ಹಾಕಿಕೊಳ್ಳಬೇಕಾಗಿತ್ತು. ಕೈ ಹೋಯಿತು, ಎತ್ತಲಿಲ್ಲ. ಅವಳೆದುರು ನನ್ನದೊಂದನ್ನು ಮಾತ್ರ ಹೆಕ್ಕಿಕೊಂಡರೆ ಉಳಿದ ಹದಿನಾರು ಜನರ ಮುಖಕ್ಕೆ ಉಗಿದ ಹಾಗೆ ಅನ್ನಿಸಿತು. ಎಲ್ಲವನ್ನೂ ಮತ್ತೆ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಖಾನೆ ತಳ್ಳಿ ಹೊರಟೆ.

ಮೂರೂವರೆಗೆ ಮೇಸ್ತ್ರಿಯ ಎದುರು ಮತ್ತೆ ಕೂತೆ.

"ನೀವು ಹನ್ನೊಂದಕ್ಕೆ ಊರಲ್ಲಿದ್ರಿ. ಸ್ಟೀರಿಂಗ್ ಕೂರಿಸಿದ್ದು ಫಾನ್."

ಅವರು ಮೇಜಿನ ಮೇಲಿನ ಎರಡು ಬೋಲ್ಟುಗಳನ್ನು ಪಕ್ಕಕ್ಕೆ ಸರಿಸಿದರು.

"ನಿನ್ನ ತಲೆ ಗಟ್ಟಿ ಅಂತ ಗೊತ್ತಿತ್ತು ತಮ್ಮಾ. ಇಷ್ಟು ಬೇಗ ಬರ್ತೀಯ ಅಂತ ಅಂದ್ಕೊಂಡಿರ್ಲಿಲ್ಲ. ಇಲ್ಲಿಗೇ ಬಿಡು."

"ಯಾಕ್ ಬಿಡ್ಲಿ? ಅವನು ಸಡಿಲ ಬಿಟ್ಟಿದ್ದಕ್ಕೆ ನೀವು ಜೈಲಿಗಾ?"

"ಅವನ ಕೈ ನಾನು ಕಲಿಸಿದ ಕೈ. ಅದು ಸಡಿಲ ಬಿಟ್ರೆ ನಾನೇ ಬಿಟ್ಟ ಹಾಗೆ. ಹೆಂಡ್ತಿಗೆ ಕಾಗದ ಸುಡೋಕೆ ಹೋಗಿ ಹುಡುಗನ್ನೇ ಸುಟ್ಟೆ. ಈಗ ಅವನ ಮನೆಯನ್ನೂ ಸುಡು ಅಂತೀಯಾ?"

ಅಷ್ಟರಲ್ಲಿ ಕಿಟಕಿಯ ಹೊರಗೆ ನೆರಳು ಬಿತ್ತು. ಫಾನನ ಹೆಂಡತಿ ತ್ಸೈಫಂಗ್. ಅಡುಗೆಮನೆ ವಿಭಾಗದ ಹೊಸ ನೀಲಿ ಸಮವಸ್ತ್ರ ತೊಟ್ಟಿದ್ದಳು. ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಅವತ್ತೇ ಅವಳ ಕೆಲಸದ ಮೊದಲ ದಿನ. ಮೇಸ್ತ್ರಿಯನ್ನು ಮಾವ ಎಂದು ಕರೆಯುತ್ತಿದ್ದವಳು.

ಅವಳು ಗಾಜಿಗೆ ಮುಖ ಒತ್ತಿ ಒಳಗೆ ನೋಡಿದಳು.

"ತಿಂದ್ಕೊಂಡ್ಯಲ್ಲೋ ಮುದುಕ," ಎಂದಳು. ಕೂಗಲಿಲ್ಲ. "ನನ್ನ ಗಂಡನ್ನ ತಿಂದ್ಕೊಂಡ್ಯಲ್ಲ."

ಗಾಜಿನ ಮೇಲೆ ಉಗಿದು ಹೋದಳು. ಮೇಸ್ತ್ರಿ ಎದ್ದು ನಿಂತು, ತಪ್ಪು ಮಾಡಿದ ಮಗು ಶಾಲೆಯಲ್ಲಿ ನಿಲ್ಲುವ ಹಾಗೆ ತಲೆ ತಗ್ಗಿಸಿದ್ದರು. ಉಗುಳು ಗಾಜಿನ ಮೇಲಿಂದ ಇಳಿಯುವುದನ್ನು ನಾವಿಬ್ಬರೂ ನೋಡಿದೆವು.

"ಬದುಕ್ಕೊಳ್ಳಲಿ ಬಿಡು," ಎಂದರು.

ನಾನು ಬಾಯಿ ಬಿಟ್ಟರೆ ಆ ಹೊಸ ಸಮವಸ್ತ್ರ ನಾಳೆಗೇ ಬಿಚ್ಚಬೇಕು. ಬಿಡದಿದ್ದರೆ ಈ ಮನುಷ್ಯ ಹೋಗಬೇಕು. ಗಡಿಯಾರ ನೋಡಿದೆ. ನಾಲ್ಕಾಗಿತ್ತು. ಇಪ್ಪತ್ತಾರು ವರ್ಷ ಈ ಕಾರ್ಖಾನೆಯಲ್ಲಿ ಕಳ್ಳರನ್ನು ಹಿಡಿದಿದ್ದೇನೆ, ಕುಡಿದವರನ್ನು ಕೆರೆಯಿಂದ ಎಳೆದಿದ್ದೇನೆ. ಅವತ್ತು ಕುರ್ಚಿಯಿಂದ ಏಳಲೂ ನನಗೆ ತೋಚಲಿಲ್ಲ.

ನಾಲ್ಕೂವರೆಗೆ ಬಾಗಿಲು ತಳ್ಳಿಕೊಂಡು ರೀಡ್ಲ್ ಬಂದ.

ಪ್ಯಾಂಟಿನ ತುಂಬಾ ಕಲ್ಲಿದ್ದಲಿನ ಪುಡಿ. ಎಂಟು ದಿನಗಳಿಂದ ಅವನನ್ನು ಅತಿಥಿ ಗೃಹದಲ್ಲಿ ಕೂರಿಸಿದ್ದರು, ವಿಶ್ರಾಂತಿ ಎಂಬ ಹೆಸರಿನಲ್ಲಿ. ದುಭಾಷಿಯನ್ನು ಬೇರೆ ಊರಿಗೆ ಕಳಿಸಿದ್ದರು. ಕಲ್ಲಿದ್ದಲಿನ ಅಂಗಳದ ಗೋಡೆ ಬಿದ್ದ ಕಡೆಯಿಂದ ನುಸುಳಿಕೊಂಡು ಬಂದಿದ್ದ. ಅರವತ್ತರ ಹತ್ತಿರದ ಮನುಷ್ಯ, ಏದುಸಿರು ಬಿಡುತ್ತಿದ್ದ.

ಒಂದೂವರೆ ವರ್ಷದಲ್ಲಿ ಅವನು ಕಲಿತ ನಮ್ಮ ಮಾತು ಒಂದು ಹಿಡಿ. ಜೇಬಿನಿಂದ ಕಪ್ಪು ನೋಟ್‌ಬುಕ್ ತೆಗೆದು ಒಂದು ಪುಟದ ಮೇಲೆ ಬೆರಳಿಂದ ಬಡಿದ.

"ನಾನು. ನನ್ನ ಸ್ಪ್ಯಾನರ್. ಹನ್ನೆರಡು, ಸಂಜೆ," ಎಂದ. "ಮೂವತ್ತೇಳು. ಬೋಲ್ಟು ಒಳ್ಳೇದು."

ಪುಟದಲ್ಲಿ ತಾರೀಕು ಇತ್ತು, ಗಾಡಿಯ ನಂಬರಿತ್ತು, ಎರಡು ಅಂಕಿಗಳಿದ್ದವು. 210. 209.

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ರಿಜಿಸ್ಟರನ್ನು ಅವನು ಎಂದೂ ನಂಬಿರಲಿಲ್ಲ. ರಿಜಿಸ್ಟರ್ ಎಂದಾಗಲೆಲ್ಲ ನೊಣ ಓಡಿಸುವಂತೆ ಕೈ ಬೀಸಿದ. ಸಂಜೆ ಎಲ್ಲರೂ ಹೋದ ಮೇಲೆ ತನ್ನ ಸ್ವಂತ ಸ್ಪ್ಯಾನರ್ ತಂದು, ಕೈಗೆ ಸಿಕ್ಕ ಗಾಡಿಯ ಬೋಲ್ಟುಗಳನ್ನು ತಾನೇ ಅಳೆದು ಬರೆದುಕೊಳ್ಳುತ್ತಿದ್ದ. ಪಾಂಗಕ್ಕನ ಇನ್ನೂರ ಎಂಟು, ಇನ್ನೂರ ಹನ್ನೆರಡು ಅವನಿಗೆ ಮೊದಲ ವಾರವೇ ಗೊತ್ತಾಗಿತ್ತು. ಕೆಲಸ ಸರಿ ಇರುವವರೆಗೆ ಸುಮ್ಮನಿದ್ದ.

ಮೇಸ್ತ್ರಿ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಆ ಎರಡು ಅಂಕಿಗಳ ಮೇಲೆ ಹೆಬ್ಬೆರಳಿಟ್ಟರು, ಬೋಲ್ಟಿನ ಎಳೆ ನೋಡಿದ ಹಾಗೆಯೇ.

"ಬಿಗಿ ಮಾಡಿದಾನೆ," ಎಂದರು. "ಕೇಳ್ದೇನೋ ಗೆಂಗ್, ನನ್ನ ಹುಡುಗ ಸರಿಯಾಗಿ ಬಿಗಿ ಮಾಡಿದಾನೆ."

ಎಂಟು ದಿನಗಳಲ್ಲಿ ಮೊದಲ ಸಲ ಅವರು ಅತ್ತರು. ರೀಡ್ಲ್ ಗಾಬರಿಯಾಗಿ ನನ್ನ ಮುಖ ನೋಡಿದ. ಫಾನನ ತಪ್ಪಿಲ್ಲ, ಮೇಸ್ತ್ರಿಯ ತಪ್ಪೂ ಇಲ್ಲ. ಹನ್ನೆರಡರ ಸಂಜೆಗೂ ಹದಿನಾಲ್ಕರ ಬೆಳಿಗ್ಗೆಗೂ ನಡುವೆ ಯಾರೋ ಆ ಸ್ಟೀರಿಂಗ್ ಬಿಚ್ಚಿದ್ದಾರೆ. ತ್ಸೈಫಂಗಳ ಕೆಲಸಕ್ಕೆ ಕುತ್ತಿಲ್ಲದೆ ಇದನ್ನು ಹೇಳಬಹುದು. ಅರ್ಧ ಗಂಟೆ ನನ್ನ ಎದೆ ಹಗುರವಾಗಿತ್ತು.

ಐದಕ್ಕೆ ಸರಿಯಾಗಿ ಜೀಪು ಬಂತು. ಅದರಿಂದ ಇಳಿದ ಅಧಿಕಾರಿ ಶಾವ್ ಮೂವತ್ತರ ಆಸುಪಾಸಿನವನು, ಬೂಟಿಗೆ ಧೂಳು ತಾಗದಂತೆ ನಡೆಯುವವನು. ಅವನ ಹಿಂದೆ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡ ಲುವಾನ್. ಲುವಾನನ ಹಿಂದೆ ಪಾಂಗಕ್ಕ, ಕಣ್ಣು ನೆಲದ ಮೇಲೆ.

ನಾನು ನೋಟ್‌ಬುಕ್ ತೋರಿಸಿ ಹೇಳಬೇಕಾದ್ದನ್ನು ಹೇಳಿದೆ. ಡಬ್ಬಿಯ ಮಾತೆತ್ತಲಿಲ್ಲ, ಫಾನ್ ಏಪ್ರನ್ ಕಟ್ಟಿಕೊಂಡ ಮಾತನ್ನೂ ಎತ್ತಲಿಲ್ಲ. ಹನ್ನೆರಡರ ಸಂಜೆ ಬೋಲ್ಟು ಬಿಗಿಯಿತ್ತು, ಆಮೇಲೆ ಯಾರೋ ಬಿಚ್ಚಿದ್ದಾರೆ, ಅಷ್ಟೇ. ಶಾವ್ ಕೇಳಿಸಿಕೊಂಡು ಲುವಾನನ ಕಡೆ ತಿರುಗಿದ.

ಲುವಾನ್ ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಅವನು ತಲೆದೂಗಿದ.

"ಗೆಂಗ್ ಅವರು ಹೇಳೋದು ಸರಿ. ಆಮೇಲೆ ಬಿಚ್ಚಿದ್ದು ನಿಜ," ಎಂದ. "ರಿಜಿಸ್ಟರಲ್ಲೂ ಹಾಗೇ ಇದೆ."

ಪುಟ ತೆರೆದು ಜೀಪಿನ ಮುಂಭಾಗದ ಮೇಲಿಟ್ಟ.

ಮೇಸ್ತ್ರಿಯ ಮೊಹರಿನ ಕೆಳಗೆ, ಬೆಳಿಗ್ಗೆ ಎರಡು ಬೆರಳಗಲ ಖಾಲಿ ಇದ್ದ ಜಾಗದಲ್ಲಿ, ಒಂದು ಸಾಲಿತ್ತು. ಕಪ್ಪು ಮಸಿ. ನಂಬರ್ ಮೂವತ್ತೇಳು, ತಾರೀಕು ಹದಿಮೂರು, ಸ್ಟೀರಿಂಗ್ ಬಿಚ್ಚಿ ಪರಿಶೀಲನೆ, ಮತ್ತೆ ಬಿಗಿ, ಅಳತೆ ಸ್ಪ್ಯಾನರ್ ಹೊರಗೆ ತೆಗೆಯಲಾಯಿತು. ಮಾಡಿದವನ ಹೆಸರಿನ ಜಾಗ ಖಾಲಿ. ಎದುರಿಗೆ ನಿಂತು ಮಾಡಿಸಿದ ಸಾಕ್ಷಿಯ ಜಾಗದಲ್ಲಿ ಒಂದು ಮೂಲೆ ಮುಕ್ಕಾದ ಕೆಂಪು ಮೊಹರು. ನಾನು ಬಾಯಿ ತೆರೆಯುವ ಮೊದಲೇ ಬರೆದದ್ದು; ಹಾಗಾದರೆ ಬಿಚ್ಚಿದ ವಿಷಯ ಲುವಾನನಿಗೆ ಮೊದಲೇ ಗೊತ್ತಿದ್ದಿರಬೇಕು.

"ಬೆಳಿಗ್ಗೆ ಈ ಸಾಲು ಇರ್ಲಿಲ್ಲ," ಎಂದೆ.

"ಬೆಳಿಗ್ಗೆ ನಿಮ್ಮ ಜೊತೆ ಇನ್ಯಾರು ನೋಡಿದ್ರು?" ಎಂದ ಶಾವ್.

ಲುವಾನ್ ನೋಡಿದ್ದ. ಲುವಾನ್ ನನಗೊಂದು ಸಿಗರೇಟು ಚಾಚಿದ.

ನನ್ನ ದರಿದ್ರ ಸಿಟ್ಟು. ಅವನ ಕೈ ತಳ್ಳಿ ಪುಟಕ್ಕೆ ಬಗ್ಗಿದೆ. ಮೊಹರಿನ ಕೆಂಪು ಹೊಳೆಯುತ್ತಿತ್ತು. ಒಂಬತ್ತು ದಿನಗಳ ಹಳೆಯ ಮೊಹರು ಹಾಗೆ ಹೊಳೆಯುವುದಿಲ್ಲ. ಹೆಬ್ಬೆರಳು ಒತ್ತಿ ಎಳೆದೆ. ಮಸಿ ಬೆರಳಿಗೆ ಬಂತು.

"ನೋಡಿ, ಇನ್ನೂ ಆರಿಲ್ಲ. ಈಗ ಒತ್ತಿದ್ದು."

ಶಾವ್ ನೋಡಿದ. ಪುಟದ ಮೇಲೆ ಕಲೆಸಿಹೋದ ಕೆಂಪು ಗೀರು. ನನ್ನ ಎತ್ತಿದ ಹೆಬ್ಬೆರಳಿನ ಮೇಲೆ ಹಸಿ ಮಸಿ, ಒತ್ತಿದವನ ಕೈಯಲ್ಲಿ ಇರುವ ಹಾಗೆ. ಆ ಮೊಹರು ಹಸಿಯಾಗಿತ್ತೆನ್ನಲು ಇದ್ದ ಒಂದೇ ಗುರುತನ್ನು ನನ್ನ ಕೈಯಾರೆ ಒರೆಸಿಬಿಟ್ಟಿದ್ದೆ.

"ಮಸಿ ನಿಮ್ಮ ಕೈಯಲ್ಲಿದೆ," ಎಂದ ಶಾವ್.

ಆಗ ಪಾಂಗಕ್ಕನ ಕಡೆ ನೋಡಿದೆ. ಎಡತೋಳಿಗೆ ನೀಲಿ ತೋಳುಗವಸು ಇತ್ತು. ಬಲತೋಳು ಬರಿದಾಗಿತ್ತು, ಕೆಂಪು ಮಸಿ ತಾಗಿದ್ದನ್ನು ಬಿಚ್ಚಿಟ್ಟು ಬಂದಿದ್ದಳೇನೋ. ಇಪ್ಪತ್ತು ವರ್ಷಗಳಲ್ಲಿ ಅವಳನ್ನು ಹಾಗೆ ಕಂಡಿರಲಿಲ್ಲ. ನನ್ನ ನೋಟ ಕಂಡು ಬಲಗೈಯನ್ನು ಬೆನ್ನ ಹಿಂದೆ ತೆಗೆದುಕೊಂಡಳು. ಅವಳಾಗಿ ಒತ್ತಿದಳೋ, ಯಾರಾದರೂ ಒತ್ತಿಸಿದರೋ, ಆ ಮುಖದಲ್ಲಿ ನನಗೆ ಓದಲಾಗಲಿಲ್ಲ.

ಏನಾಗುತ್ತಿದೆ ಎಂದು ರೀಡ್ಲ್ ತನ್ನ ಒಂದು ಹಿಡಿ ಮಾತಿನಲ್ಲಿ ಕೇಳುತ್ತಿದ್ದ.

"ಗೆಂಗ್ ಅವರೇ," ಎಂದ ಶಾವ್, "ಈ ಮೊಹರು ನಿಮ್ದು ತಾನೇ?"

ಮೊಹರು ನನ್ನದು, ಕೈ ನನ್ನದಲ್ಲ. ಬೆಳಗಿನಿಂದ ಮೇಸ್ತ್ರಿಯ ಬಾಯಿಂದ ಹೊರಡಿಸಲು ಒದ್ದಾಡಿದ ಮಾತು ಅದೇ. ಅದನ್ನು ಹೇಳಿದರೆ ಕೈ ಯಾರದು ಎಂದು ಕೇಳುತ್ತಾನೆ. ಡಬ್ಬಿಯ ಮುಚ್ಚಳ ತೆರೆಯಬೇಕು. ತೆರೆದರೆ ಮೂವತ್ತೇಳು ಗಾಡಿಗಳ ಪ್ರತಿ ಸಾಲೂ ಸುಳ್ಳು. ಸೋಮವಾರದ ಸಹಿ ಇಲ್ಲ. ಹನ್ನೊಂದರಂದು ಮೇಸ್ತ್ರಿ ಎಲ್ಲಿದ್ದರು, ಏಪ್ರನ್ ಕಟ್ಟಿದವನು ಯಾರು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಅಡುಗೆಮನೆಯ ಹೊಗೆಕೊಳವೆಯಿಂದ ಸಂಜೆಯ ಮೊದಲ ಹೊಗೆ ಏಳುತ್ತಿತ್ತು. ಅದರ ಕೆಳಗೆಲ್ಲೋ ತ್ಸೈಫಂಗ್ ಹೊಸ ಸಮವಸ್ತ್ರದಲ್ಲಿ ಹಿಟ್ಟು ನಾದುತ್ತಿದ್ದಿರಬೇಕು.

ಮಿಯಾವೊ ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ಹೇಳು ಎಂದೂ ಅಲ್ಲ, ಬೇಡ ಎಂದೂ ಅಲ್ಲ.

"ಮೊಹರು ನನ್ನದು," ಎಂದೆ.

ಶಾವ್ ಜೀಪಿನ ಹಿಂಬಾಗಿಲು ತೆರೆದ. ಯಾರು ಹತ್ತಬೇಕೆಂದು ಹೇಳಲಿಲ್ಲ.